ಕೇಳಿದ್ದನ್ನು ಮೊದಲು ಹೇಳು

“ಮಮ್ಮಿ, ಇವತ್ತು ಮಧ್ಯದಲ್ಲಿ ನೀನು ಮಾತಾಡ್ಲಿಕ್ಕೆ ಇಲ್ಲ. ಕೆಮ್ಮಲಿಕ್ಕೂ ಇಲ್ಲ,” ಎಂದಳು ಫೆಲ್ಸಿ.

“ಎಂಥ ಮಾರಾಯ್ತಿ, ಕೆಮ್ಮು ಬಂದ್ರೆ ನುಂಗುವುದಾ?” ಮಂಗಳೂರಿನಿಂದ ಜೋಸ್ಫಿನ್ ಬಾಯಿ ರೇಗಿದರು. “ನಿನ್ನ ಅಕ್ಕನ ಫೋನು ಇನ್ನೂ ಬರ್ಲಿಲ್ಲ. ಪಕ್ಕದ ಮನೆ ಬೀಬಿಯ ಮೊಬೈಲು ನನ್ನ ಮಡಿಲಲ್ಲೇ ಉಂಟು.”

ಎರಡು ದೇಶಗಳ ನಡುವೆ ಇನ್ನೂ ಸಂಬಂಧವೇ ಇಲ್ಲದ ಕಾಲ; ದುಬೈಯಿಂದ ಇಸ್ರೇಲಿಗೆ ಫೋನು ಹೋಗುವುದಿಲ್ಲ. ಫೆಲ್ಸಿ ಇರುವುದು ದುಬೈಯ ಅಲ್ ಕುಸೈಸಿನಲ್ಲಿ, ಒಂದು ಇಂಡಿಯನ್ ಶಾಲೆಯ ನರ್ಸಾಗಿ. ಅಕ್ಕ ಸುಸನ್ ಇಸ್ರೇಲಿನ ಹೈಫಾದಲ್ಲಿ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಹಾಗಾಗಿ ಪ್ರತಿ ಶುಕ್ರವಾರ ಇಬ್ಬರೂ ಮಂಗಳೂರಿಗೆ ಫೋನು ಮಾಡುವುದು, ಅಮ್ಮ ಲ್ಯಾಂಡ್‌ಲೈನಿನ ರಿಸೀವರಿಗೆ ಮೊಬೈಲನ್ನು ತಲೆಕೆಳಗಾಗಿ ಇಟ್ಟು, ಒಂದರ ಬಾಯಿ ಇನ್ನೊಂದರ ಕಿವಿಗೆ ಬರುವಂತೆ ಒತ್ತಿ ಹಿಡಿಯುವುದು. ನಾಲ್ಕು ವರ್ಷದಿಂದ ಅಕ್ಕತಂಗಿಯರ ಸುಖದುಃಖವೆಲ್ಲ ಹೀಗೆಯೇ ನಡೆದಿದೆ. ಎರಡು ಸರಕಾರಗಳು ಕೂಡಿಸದ ತಂತಿಯನ್ನು ಕೂಡಿಸಲು ಜೋಸ್ಫಿನ್ ಬಾಯಿ ಯಾರ ಅಪ್ಪಣೆಯನ್ನೂ ಕೇಳಿದವರಲ್ಲ.

ಇವತ್ತು ಮಾತ್ರ ಮಾತು ಅಕ್ಕತಂಗಿಯರದ್ದಲ್ಲ. ಫೆಲ್ಸಿಯ ಮಂಚದ ತುದಿಯಲ್ಲಿ ನಜ್ವಾ ಕುಳಿತಿದ್ದರು. ಅದೇ ಶಾಲೆಯ ಅರಬಿ ಟೀಚರು, ಪ್ಯಾಲೆಸ್ತೀನಿನವರು. ಹೋದ ತಿಂಗಳು ತುಟಿ ಒಡೆದುಕೊಂಡು ಬಂದ ಇಬ್ಬರು ಹುಡುಗರನ್ನು ಫೆಲ್ಸಿಯ ನರ್ಸ್ ಕೋಣೆಯಲ್ಲೇ ಎದುರುಬದುರು ಕೂರಿಸಿ ಅವರು ಹೇಳಿದ್ದರು: “ಅವನು ಹೇಳಿದ್ದನ್ನು ಮೊದಲು ನೀನು ತಿರುಗಿ ಹೇಳು. ಆಮೇಲೆ ನಿನ್ನ ಜವಾಬು.” ಹುಡುಗರು ಹೇಳಿದರು, ನಕ್ಕರು, ಹೋದರು. ಅಬ್ಬಾ, ಇದೆಲ್ಲಿ ಕಲಿತಿರಿ ಎಂದು ಫೆಲ್ಸಿ ಸುಮ್ಮನೆ ಕೇಳಿದ್ದೇ ತಪ್ಪಾಯಿತು. ನಜ್ವಾ ಅಲ್ಲೇ ಕುಸಿದು ಕುಳಿತು ಅತ್ತುಬಿಟ್ಟರು.

ಜೆರುಸಲೇಮಿನಲ್ಲಿ ಅವರೂ ರಿವ್ಕಾ ಎಂಬ ಇಸ್ರೇಲಿ ಟೀಚರೂ ಸೇರಿ ಎರಡೂ ಕಡೆಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಮಾತಾಡಿಸುತ್ತಿದ್ದರು. ನಿಯಮ ಇದೊಂದೇ. ತಿರುಗಿ ಹೇಳಿದರೆ ಒಪ್ಪಿದ ಹಾಗಲ್ಲ, ಕೇಳಿಸಿಕೊಂಡ ಹಾಗೆ. ಮೂರು ವರ್ಷ ಚೆನ್ನಾಗಿಯೇ ನಡೆಯಿತು. ಗಲಾಟೆಯ ದಿನಗಳಲ್ಲಿ ನಜ್ವಾ ಕರೆತಂದಿದ್ದ ಕರೀಂ ಎಂಬ ಹುಡುಗ ಸೈನಿಕರ ಗುಂಡು ತಗುಲಿ ಸತ್ತ. ಮರುವಾರ ಖಾಲಿ ಕೋಣೆಯಲ್ಲಿ ರಿವ್ಕಾ ಹೇಳಿದ್ದು ಒಂದೇ ಮಾತು: “ಕರೀಂ ನನ್ನ ಹುಡುಗನೂ ಹೌದು.” ಅದನ್ನು ತಿರುಗಿ ಹೇಳಲು ನಜ್ವಾರಿಗೆ ಬಾಯಿ ಬರಲಿಲ್ಲ. ಬಾಗಿಲು ದಡಾರನೆ ಹಾಕಿಕೊಂಡು ಹೊರಟವರು, ದುಬೈ ಸೇರಿದರು. ಈಗ ರಿವ್ಕಾ ಹೈಫಾದ ಆಸ್ಪತ್ರೆಯಲ್ಲಿದ್ದಾರೆ, ಇನ್ನು ಕೆಲವೇ ದಿನ. ಫೆಲ್ಸಿಯ ಮಾತಿಗೆ ಹುಡುಕಿ ಕೊಟ್ಟವಳು ಸುಸನ್; ಇವತ್ತು ಅವಳು ಫೋನು ಮಾಡುವುದೂ ಅವರ ಹಾಸಿಗೆಯ ಪಕ್ಕದಿಂದಲೇ.

“ಟೀಚರ್, ಯಾರಿಗಾದ್ರೂ ಗೊತ್ತಾದ್ರೆ ನನ್ನ ವೀಸಾ ಖಲಾಸ್,” ಎಂದಳು ಫೆಲ್ಸಿ.

“ನನ್ನದೂ,” ಎಂದರು ನಜ್ವಾ. ಆದರೆ ಏಳಲಿಲ್ಲ.

ಅಷ್ಟರಲ್ಲಿ ಮಂಗಳೂರಿನಲ್ಲಿ ಮೊಬೈಲು ಹೊಡೆದುಕೊಂಡಿತು. ಗರಗರ ಸದ್ದಿನ ನಡುವೆ ಸುಸನ್‌ಳ ದನಿ ಬಂತು: “ಬೇಗ ಮಾತಾಡ್ಲಿ. ಇವರಿಗೆ ತುಂಬ ಹೊತ್ತು ಎಚ್ಚರ ಇರುವುದಿಲ್ಲ.”

ಫೆಲ್ಸಿ ಸ್ಪೀಕರ್ ಹಾಕಿ ಫೋನನ್ನು ನಜ್ವಾರ ಕೈಗಿಟ್ಟಳು. ನಜ್ವಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತರು. ಫೆಲ್ಸಿ ತಡೆಯಲಾಗದೆ ಅವರ ಭುಜ ಅಲುಗಿಸಿದಳು. ಆಗ ಆ ಕಡೆಯಿಂದಲೇ ಸವೆದ ದನಿಯೊಂದು “ನಜ್ವಾ?” ಎಂದಿತು.

“ರಿವ್ಕಾ, ಆ ದಿನ ನೀನು ಹೇಳಿದ್ದು: ಕರೀಂ ನನ್ನ ಹುಡುಗನೂ ಹೌದು.” ಅರಬಿಯಲ್ಲಿ ಒಂದೊಂದೇ ಪದ ಎತ್ತಿಟ್ಟಂತೆ ಹೇಳಿದರು. ಫೆಲ್ಸಿಗೆ ಬರುವ ಅರೆಬರೆ ಅರಬಿಗೂ ಅದು ಅರ್ಥವಾಯಿತು. “ನನಗೆ ಕೇಳಿಸಿತ್ತು ರಿವ್ಕಾ. ಆವತ್ತೇ ಕೇಳಿಸಿತ್ತು.”

ಉಸಿರಿನ ಸದ್ದು. ಮತ್ತೆ ಆ ದನಿ, ನಿಯಮ ತಪ್ಪದೆ: “ನೀನು ಹೇಳಿದ್ದು: ನಿನಗೆ ಆವತ್ತೇ ಕೇಳಿಸಿತ್ತು.”

ಆಮೇಲೆ ಕರೀಂ, ಕರೀಂ ಎಂದು ಇಲ್ಲೊಬ್ಬರು, ಅಲ್ಲೊಬ್ಬರು ಅಳುವುದಷ್ಟೇ. ಸ್ವಲ್ಪ ಹೊತ್ತಿಗೆ ಹೈಫಾದ ಲೈನು ಕಡಿದುಹೋಯಿತು. ನಜ್ವಾ ಫೋನನ್ನು ಫೆಲ್ಸಿಗೆ ಕೊಟ್ಟು ದುಪಟ್ಟಾದಿಂದ ಮುಖ ಒರೆಸಿಕೊಂಡರು.

“ಬಾಯೆ, ನನ್ನ ಕೈ ಸೋತು ಹೋಯ್ತು,” ಎಂದರು ಜೋಸ್ಫಿನ್ ಬಾಯಿ. ಅವರ ದನಿಯೂ ಒದ್ದೆಯಾಗಿತ್ತು. “ಭಾಷೆ ಒಂದೂ ಗೊತ್ತಾಗ್ಲಿಲ್ಲ. ಹೆಸರೊಂದು ಗೊತ್ತಾಯ್ತು. ಪಾಪ, ಕರೀಂ ಅಂತ ಇಬ್ರೂ ಅಷ್ಟು ಅತ್ರಲ್ಲ, ಆ ಹುಡುಗ ಇಬ್ರಲ್ಲಿ ಯಾರದ್ದು?”

ಫೆಲ್ಸಿ ನಜ್ವಾರ ಮುಖ ನೋಡಿದಳು.

“ಏನಂತೆ?” ಎಂದರು ನಜ್ವಾ.

ಫೆಲ್ಸಿ ಹೇಳಿದಳು.

“ನಿಮ್ಮಮ್ಮ ಕೇಳಿದ್ದು: ಆ ಹುಡುಗ ಇಬ್ಬರಲ್ಲಿ ಯಾರದ್ದು,” ಎಂದು ನಜ್ವಾ ನಿಧಾನವಾಗಿ ತಿರುಗಿ ಹೇಳಿದರು. ಮಂಗಳೂರಿನಲ್ಲಿ ಜೋಸ್ಫಿನ್ ಬಾಯಿ ಕೆಮ್ಮು ಬಿಗಿಹಿಡಿದು ಕಾಯುತ್ತಿದ್ದರು.

“ಇಬ್ಬರದ್ದೂ ಅಂತ ಹೇಳು.”