ನಿವೃತ್ತಿಯ ನಾಲ್ಕನೇ ದಿನ

ಮಾತಾಡಲು ಎದ್ದು ನಿಂತ ಎಲ್ಫೇಜ್, ಅಭ್ಯಾಸಬಲದಿಂದ ಅಧ್ಯಕ್ಷರ ಕಡೆ ತಿರುಗಿ ಸೊಂಟ ಬಗ್ಗಿಸಿ ವಂದಿಸಿಬಿಟ್ಟ. ಅದು ರಾಜಧಾನಿ ಒಟ್ಟಾವಾದಲ್ಲಿರುವ ಸಂಸತ್ತಿನ ಮೇಲ್ಮನೆ ಸೆನೆಟ್ ಆಗಿರಲಿಲ್ಲ, ಊರಿನ ಚರ್ಚಿನ ಹಾಲ್ ಆಗಿತ್ತು. ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದವಳು ಆಲೂಗಡ್ಡೆ ಬೆಳೆಯುವ ದೆಲಿಮಾ. ಹಾಲ್ ನೋಡಿಕೊಳ್ಳುವ ಸಮಿತಿಯ ಏಳೂ ಜನ ಗೊಳ್ಳೆಂದು ನಕ್ಕರು.

ಅವನ ಕಿವಿ ಕೆಂಪಾಯಿತು. ಹದಿನೆಂಟು ವರ್ಷ ಪ್ರಿನ್ಸ್ ಎಡ್ವರ್ಡ್ ದ್ವೀಪದ ನಾಲ್ವರು ಸೆನೆಟರುಗಳಲ್ಲಿ ಅವನೂ ಒಬ್ಬನಾಗಿದ್ದ. ಪ್ರಧಾನಿಯೇ ಹೆಸರು ಸೂಚಿಸಿ ಕೂರಿಸುವ ಜಾಗ ಅದು. ಓಟು ಕೇಳುವ ತಾಪತ್ರಯವಿಲ್ಲ, ಆದರೆ ಎಪ್ಪತ್ತೈದು ತುಂಬಿದ ದಿನ ಎದ್ದು ಬರಲೇಬೇಕು. ಸೋಮವಾರ ತುಂಬಿತು. ಅವತ್ತಿನಿಂದ ಅಡುಗೆಮನೆಯಲ್ಲಿ ಟೀ ಆರಿ ತಣ್ಣಗಾಗುವವರೆಗೂ ಕೂತಲ್ಲೇ ಕೂತಿರುತ್ತಿದ್ದ. "ಕಾನೂನೇ ಮುದುಕ ಅಂದ್ಮೇಲೆ ಇನ್ನೇನಿದೆ" ಅಂತ ಗೊಣಗಿದಾಗ, ಹೆಂಡತಿಯೇ ಇಲ್ಲಿಗೆ ಅಟ್ಟಿದ್ದಳು.

"ಏನಾದ್ರೂ ಸಣ್ಣಪುಟ್ಟ ಕೆಲ್ಸ ಇದ್ರೆ ಹೇಳಿ," ಅಂದ ತಗ್ಗಿದ ದನಿಯಲ್ಲಿ. "ವಯಸ್ಸಾಯ್ತು ನೋಡಿ..."

"ಎಷ್ಟೋ ನಿಂಗೀಗ?" ದೆಲಿಮಾ ಕನ್ನಡಕದ ಮೇಲಿಂದ ನೋಡಿದಳು.

"ಎಪ್ಪತ್ತೈದು."

ತೊಂಬತ್ತು ದಾಟಿದ ಸಿರಿಲ್ ತನ್ನ ಊರುಗೋಲನ್ನು ಮೆಲ್ಲಗೆ ಎತ್ತಿ ಸೂರಿನ ಕಡೆ ತೋರಿಸಿದ. ಸ್ಟೇಜಿನ ಮೇಲೆ, ಕ್ರಿಸ್‌ಮಸ್ಸಿನ ಹೊತ್ತಿಗೆ ಸುಟ್ಟುಹೋದ ಬಲ್ಬು ಇನ್ನೂ ಹಾಗೇ ನೇತಾಡುತ್ತಿತ್ತು.

"ಏಣಿ ಹತ್ತೋ ವಯಸ್ಸಿನೋರು ನಮ್ಮಲ್ಲಿ ಯಾರೂ ಇರ್ಲಿಲ್ಲ ಕಣೋ," ಅಂದಳು ದೆಲಿಮಾ. "ಹತ್ತು ಮಗಾ, ನಾವು ಹಿಡ್ಕೋತೀವಿ."

ಎಲ್ಫೇಜ್ ಕೋಟು ಬಿಚ್ಚಿ ಕುರ್ಚಿಗೆ ಹಾಕಿದ. ದೆಲಿಮಾ ಕೊಟ್ಟ ಹೊಸ ಬಲ್ಬನ್ನು ಜೇಬಿಗಿಳಿಸಿ ಏಣಿ ಹತ್ತತೊಡಗಿದ. ಕೆಳಗೆ ಏಣಿಯ ಬುಡವನ್ನು, ನಡುಗುವ ಏಳು ಜೊತೆ ಕೈಗಳು ಬಿಗಿಯಾಗಿ ಹಿಡಿದಿದ್ದವು.