ಜೊಂಡಿನಾಚೆಯ ಉತ್ತರ

‘ಹಕ್ಕಿ ಉತ್ತರಿಸಿತು’ ಎಂಬ ಸಾಲನ್ನು ಅವಳು ವರದಿಯಿಂದ ಅಳಿಸುವಾಗ ಕಚೇರಿಯ ಮುಖ್ಯಸ್ಥರು ಅವಳ ಕುರ್ಚಿಯ ಹಿಂದೆಯೇ ನಿಂತಿದ್ದರು.

“ಕಣ್ಣಾರೆ ಕಂಡಿರಾ?”

“ಇಲ್ಲ ಸರ್. ಅದು ಜೊಂಡು ಬಿಟ್ಟು ಆಚೆ ಬರೋದೇ ಅಪರೂಪ. ಕೂಗು ಕೇಳಿದೆ.”

“ಕಿವಿಗೆ ಬಿದ್ದಿದ್ದನ್ನೆಲ್ಲ ಬರೆಯೋಕೆ ನಾವೇನು ಪಕ್ಕದ್ಮನೆಯವರಾ?”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ನಕ್ಕಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಜೌಗಿನ ಮೇಲೆ ಹೆದ್ದಾರಿ ಬರಲಿತ್ತು. ಅದು ಕಾನೂನಿನ ರಕ್ಷಣೆಯಲ್ಲಿದ್ದ ಜೌಗು. ಜೊಂಡುಕೋಳಿ ಎಂಬ ಪುಟ್ಟ ಹಕ್ಕಿ ಅಲ್ಲಿನ್ನೂ ಬದುಕಿದ್ದರೆ ರಸ್ತೆ ಸುತ್ತುಬಳಸಿ ಹೋಗಬೇಕು. ಬದುಕಿದೆಯೇ ಎಂದು ನೋಡಿ ಹೇಳುವ ಕೆಲಸ ಅವಳದು. ದಡದಲ್ಲಿ ಕೂತು ಹಕ್ಕಿಯ ಕೂಗಿನ ಧ್ವನಿಮುದ್ರಿಕೆಯನ್ನು ಸ್ಪೀಕರಿನಲ್ಲಿ ಹಾಕಬೇಕು. ತನ್ನ ಜಾಗಕ್ಕೆ ಇನ್ಯಾವುದೋ ನುಗ್ಗಿತೆಂದು ಒಳಗಿನ ಹಕ್ಕಿ ರೇಗಿ ಕೂಗುತ್ತದೆ. ಭಾನುವಾರ ಬೆಳಗ್ಗೆ ಹಳೆಯ ಪಂಪ್‌ಹೌಸಿನ ಬಳಿ ಮಂಜಿನಲ್ಲಿ ಕೂತು ಅವಳು ಹಾಕಿದ್ದಳು. ಎದುರು ದಡದ ಜೊಂಡಿನಿಂದ ಮೂರು ಸ್ವರ ಬಂದವು. ಮತ್ತೆ ಹಾಕಿದಳು. ಮತ್ತೆ ಅವೇ ಮೂರು. ಮೈ ಜುಮ್ಮೆಂದಿತ್ತು.

“ಬೇರೆ ತಂಡದವರು ಹೋದಾಗ ಪಿಟ್ ಅನ್ನಲಿಲ್ಲ” ಎಂದರು ಮುಖ್ಯಸ್ಥರು. “ನೀವು ಹೋದಾಗ ಮಾತ್ರ ಕೂಗುತ್ತೆ ಅಂದ್ರೆ ನಿಮಗೆ ಒಳ್ಳೆ ಅಭಿಮಾನಿ ಸಿಕ್ಕಿದೆ ಬಿಡಿ. ಹಕ್ಕಿ ಬೇಕೋ, ಈ ಕುರ್ಚಿ ಬೇಕೋ, ಯೋಚನೆ ಮಾಡಿ.”

ಅವಳು ಯೋಚನೆ ಮಾಡಲೂ ಇಲ್ಲ. ಹಕ್ಕಿ ಇಲ್ಲವೆಂದು ಬರೆದಳು. ಇಲ್ಲದ ಹಕ್ಕಿಗೆ ಪರಿಹಾರವೂ ಸಲೀಸು: ರಸ್ತೆಯಂಚಿಗೆ ಸಾಲು ಗಿಡ, ಹಕ್ಕಿಯ ಚಿತ್ರ ಬರೆಸಿದ ಒಂದು ಫಲಕ. ಕೊಂದವರೇ ಫೋಟೊಗೆ ಚೌಕಟ್ಟು ಹಾಕಿಸುವ ಆ ಅಧ್ಯಾಯಕ್ಕೆ ‘ದುಷ್ಪರಿಣಾಮ ತಗ್ಗಿಸುವ ಕ್ರಮಗಳು’ ಎಂದು ಹೆಸರು. ಅದನ್ನು ಬರೆದದ್ದೂ ಅವಳೇ.

ಮನೆಯಲ್ಲಿ ತಂಗಿ ನೆಲದ ತುಂಬ ಭಿತ್ತಿಪತ್ರ ಹರಡಿಕೊಂಡು ಬಣ್ಣ ಬಳಿಯುತ್ತಿದ್ದಳು. ಮರುದಿನ ಸಾರ್ವಜನಿಕ ವಿಚಾರಣೆ. ಜೌಗು ಉಳಿಸಲು ಹೊರಟವರ ಪರವಾಗಿ ಮಾತಾಡುವವಳು ಈ ತಂಗಿಯೇ.

“ತುಳೀಬೇಡ ಅಕ್ಕ, ಇನ್ನೂ ಒಣಗಿಲ್ಲ. ನಮ್ಮವರೆಲ್ಲ ನಾಳೆ ಏನಾಗುತ್ತೋ ಅಂತ ಹೆದರ್ಕೊಂಡಿದಾರೆ. ನಾನು ಹೇಳ್ಬಿಟ್ಟೆ, ನಮ್ಮಕ್ಕ ಅಲ್ಲಿ ಇರೋವರೆಗೂ ಸುಳ್ಳು ವರದಿ ಹೊರಗೆ ಬರಲ್ಲ ಅಂತ.”

ಭೂಮಿ ಬಾಯಿಬಿಡಬಾರದೇ ಅನಿಸಿತು ಅವಳಿಗೆ. ಚಪ್ಪಲಿಯನ್ನೂ ಬಿಚ್ಚದೆ ಹೊಸ್ತಿಲಲ್ಲೇ ನಿಂತುಬಿಟ್ಟಳು. ತಂಗಿಯ ಮುಖ ನೋಡಲಾಗದೆ ಒದ್ದೆ ಬಣ್ಣವನ್ನೇ ನೋಡುತ್ತ ಬಾಯಿಬಿಟ್ಟಳು.

“ಬಂತು ಕಣೇ. ನಾನೇ ಬರ್ದೆ. ಹಕ್ಕಿ ಇಲ್ಲ ಅಂತ.”

ತಂಗಿಯ ಕೈಯ ಕುಂಚ ನಿಂತಿತು.

“ಸುಳ್ಳು ಬರ್ದೆ. ನನ್ನ ಕಿವಿಯಾರೆ ಕೂಗು ಕೇಳಿದೀನಿ. ಕುರ್ಚಿ ಆಸೆಗೆ ಅಳಿಸಿಬಿಟ್ಟೆ. ನಾಳೆ ಎಲ್ಲರ ಮುಂದೆ ನಾನೇ ನಿಂತು ಹೇಳ್ತೀನಿ. ಆ ಜೌಗು ಉಳಿಯೋದಾದ್ರೆ ಈ ಕೆಲಸ ಹಾಳಾಗಿ ಹೋಗ್ಲಿ.”

ತಂಗಿ ಕುಂಚವನ್ನು ಕೆಳಗಿಟ್ಟಳು. ಆಮೇಲೆ ಎದ್ದು ಬಂದು ಬಣ್ಣದ ಕೈಗಳಲ್ಲೇ ಅಕ್ಕನನ್ನು ತಬ್ಬಿಕೊಂಡಳು. ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

“ಹಕ್ಕಿ ಇದೆ ಅಂತ ನಂಗೂ ಗೊತ್ತು ಕಣಕ್ಕ. ಭಾನುವಾರ ಬೆಳಗ್ಗೆ ಕಾವಲಿನವನ ಕಣ್ತಪ್ಪಿಸಿ ನಾನೇ ಹೋಗಿದ್ದೆ. ಜೊಂಡಿನೊಳಗೆ ಕೂತು ನೀನು ಮಾಡೋ ಹಾಗೇ ಸ್ಪೀಕರಲ್ಲಿ ಅದರ ಕೂಗು ಹಾಕಿದೆ, ಹಾಕಿದಾಗೆಲ್ಲ ಎದುರಿಗಿರೋ ಪಂಪ್‌ಹೌಸ್ ಕಡೆಯಿಂದ ಉತ್ತರ ಬಂತು.”