ಪರೀಕ್ಷೆಯ ಪ್ರತಿ

ಗಂಡನ ವೆಬ್‌ಸೈಟಿನ ನಕಲು ಪ್ರತಿಯಲ್ಲಿ ಅವಳು ಒಂದೊಂದೇ ಪುಟ ತೆರೆದು ನೋಡುತ್ತಿದ್ದಳು. ಸುಖ ದಾಂಪತ್ಯದ ಬಗ್ಗೆ ಅವರು ಬರೆದ ಇನ್ನೂರು ಲೇಖನಗಳನ್ನು ಟೈಪ್ ಮಾಡಿ ಹಾಕಿದವಳು ಅವಳೇ. ಸಾಫ್ಟ್‌ವೇರಿನ ಹೊಸ ಆವೃತ್ತಿಗೆ ಹೋಗುವ ಮುಂಚೆ ‘ನಕಲಿನಲ್ಲಿ ಏನಾದರೂ ಬರೆದು ನೋಡಿ, ಯಾರಿಗೂ ಕಾಣುವುದಿಲ್ಲ’ ಎಂದು, ಸೈಟು ನೋಡಿಕೊಳ್ಳುವ ನಂದಿತಾ ಹೇಳಿದ್ದಳು. ಮೂರು ದಿನ ಕೂತು, ತನ್ನದೇ ಹೆಸರು ಹಾಕಿ, ಅವಳೂ ಒಂದು ಲೇಖನ ಬರೆದಿದ್ದಳು: ‘ಸುಖ ದಾಂಪತ್ಯ: ಹೆಂಡತಿ ಕಂಡಂತೆ’.

ನಂದಿತಾಳ ಫೋನ್ ಬಂತು. ಅವಳು ಸ್ಪೀಕರ್ ಒತ್ತಿದಳು.

“ಆಂಟಿ, ಎಲ್ಲಾ ಸರಿಯಾಗಿ ಬರ್ತಿದೆಯಾ?”

“ಅಕ್ಷರ ಚೆನ್ನಾಗಿ ಕಾಣ್ತಿದೆ. ಇವರ ಫೋಟೋನೂ ನೆಟ್ಟಗೆ ಕೂತಿದೆ.”

“ಹಾಗಾದ್ರೆ ಈ ನಕಲನ್ನೇ ಈಗ ಹಳೇ ಸೈಟಿನ ಜಾಗಕ್ಕೆ ಹಾಕ್ತೀನಿ. ಅದರಲ್ಲಿರೋದೆಲ್ಲ ಇನ್ಮೇಲೆ ಎಲ್ಲರಿಗೂ ಕಾಣತ್ತೆ. ಬೇಡದ್ದೇನಾದ್ರೂ ಇದ್ರೆ ಅಳಿಸಿಬಿಡಿ.”

ಅವಳು ತನ್ನ ಲೇಖನ ಹುಡುಕಿ ಡಿಲೀಟ್ ಒತ್ತಲು ಹೋದಳು.

ಕೋಣೆಯಿಂದ ಗಂಡ ಕೂಗಿದರು. “ಏನನ್ನೂ ಅಳಿಸಬೇಡ ಕಣೇ. ಬರವಣಿಗೆ ಬೆಲೆ ನಿನಗೇನು ಗೊತ್ತು?”

ಅವಳು ಬೆರಳು ಹಿಂದೆ ತೆಗೆದಳು.

“ಅಳಿಸೋದು ಏನೂ ಇಲ್ಲಮ್ಮ,” ಎಂದಳು. “ಹಾಗೇ ಹಾಕು.”